ಹೊಸ ಮೀಟರಿನ ಅಳತೆ

ಸಕ್ಕರೆ ತುಂಬಿದ ಚಮಚ ಬೀಫಾತುಮ್ಮನ ತುಟಿಗೆ ತಾಗುವಷ್ಟರಲ್ಲಿ ಮಗಳು ರಹ್ಮತ್‌ಳ ಕೈ ಅರ್ಧಕ್ಕೇ ನಿಂತಿತು. ಅವಳ ತಮ್ಮ ಜಾಸಿರ್ ಗಲ್ಫಿನಿಂದ ತಂದಿದ್ದ ಹೊಸ ಶುಗರ್ ಮೀಟರಿನಲ್ಲಿ ಬಂದ ಅಂಕಿ ಬರೇ ಆರು ಪಾಯಿಂಟ್ ಎರಡು. ಎಪ್ಪತ್ತಕ್ಕಿಂತ ಕೆಳಗಿಳಿದರೆ ತಡಮಾಡದೆ ಸಕ್ಕರೆ ತಿನ್ನಿಸಬೇಕೆಂದು ಪುತ್ತೂರಿನ ಡಾಕ್ಟರು ಹೇಳಿದ್ದರು. ಆದರೆ ಆರಕ್ಕೆ ಇಳಿದವರು ಹೀಗೆ ಬಾಯಿ ತೆರೆದು ಕಾಯುತ್ತಾ ಕೂರುವುದುಂಟೇ?

"ತಲೆ ತಿರುಗುದುಂಟಾ ಉಮ್ಮ? ಬೆವರು?"

"ಎಂತದೂ ಇಲ್ಲ. ಕೊಡುದಾದ್ರೆ ಬೇಗ ಕೊಡು. ಸಕ್ಕರೆ ಬಾಯಿಗೆ ಹಾಕದೆ ಎಂಟು ವರ್ಷ ಆಯ್ತು."

ರಹ್ಮತ್ ಮೀಟರಿನ ಕಡೆ ಬಗ್ಗಿದಳು. ಅಂಕಿಯ ಕೆಳಗಿದ್ದ ಸಣ್ಣ ಅಕ್ಷರಗಳು ಹಳೆಯ ಮೀಟರಿನಲ್ಲಿದ್ದಂಥವಲ್ಲ. ಬಲಗೈಯಲ್ಲಿ ಚಮಚ ಹಿಡಿದುಕೊಂಡೇ ಎಡಗೈಯಿಂದ ಅವನ್ನು ಒಂದೊಂದಾಗಿ ಮೊಬೈಲಿನಲ್ಲಿ ಒತ್ತಿದಳು. ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಾಯಿಸಿ ತೋರಿಸುವ ಪುಟ ತೆರೆಯಿತು. ಅಲ್ಲಿನ ಚೌಕದಲ್ಲಿ ಆರು ಪಾಯಿಂಟ್ ಎರಡು ಎಂದು ಹಾಕಿದಳು. ಪಕ್ಕದ ಚೌಕದಲ್ಲಿ, ಊರಿನ ಮೀಟರುಗಳ ಲೆಕ್ಕದಲ್ಲಿ, ನೂರ ಹನ್ನೊಂದು ಚಿಲ್ಲರೆ ಬಂತು.

"ನೂರ ಹನ್ನೊಂದು ಉಮ್ಮ. ಇದರ ಅಳತೆಯೇ ಬೇರೆ. ನಿಮಗೆ ಎಂತದೂ ಆಗ್ಲಿಲ್ಲ." ಅಷ್ಟು ಹೇಳಿ ಅವಳು ಉಮ್ಮನ ಪಕ್ಕದಲ್ಲಿ ಕೂತಳು. ಮೊಬೈಲ್ ಕೆಳಗಿಡಲು ಬಗ್ಗುವಾಗ ಬಲಗೈಯಲ್ಲೇ ಇದ್ದ ಚಮಚ ವಾಲಿ, ಸಕ್ಕರೆಯೆಲ್ಲ ನೆಲಕ್ಕೆ ಚೆಲ್ಲಿತು.

ಬೀಫಾತುಮ್ಮ ಚೆಲ್ಲಿದ್ದನ್ನು ನೋಡಿ ನಿಧಾನಕ್ಕೆ ಬಾಯಿ ಮುಚ್ಚಿದರು. "ನನ್ನ ಬಾಯಿಗೆ ಹಾಕಿ ಆಮೇಲೆ ಓದಿದ್ರೆ ಎಂತ ಆಗ್ತಿತ್ತು ಮಾರಾಯ್ತಿ?"