ನೋಯದ ಸೂಜಿ

“ನೋವೇ ಆಗ್ಲಿಲ್ಲ!”

ಷಣ್ಮುಖಪ್ಪ ಸೊಂಟಕ್ಕೆ ಕೈಯಿಟ್ಟು ಆಸ್ಪತ್ರೆಯ ವರಾಂಡದಲ್ಲಿ ಕೂಗಿದ. ಯಗಟಿಯಿಂದ ಎರಡು ಬಸ್ಸು ಬದಲಾಯಿಸಿ ಬಂದವನು. ಅಷ್ಟು ದೂರ ಬಂದು ನೋಯಿಸಿಕೊಳ್ಳದೆ ಹಿಂದಿರುಗುವುದೆಂದರೆ ಅವನಿಗೆ ಅವಮಾನ.

“ನೀರು ಚುಚ್ಚವ್ಳೆ ಕಣ್ರೀ! ಮದ್ದನ್ನ ಎಲ್ಲಿಗೆ ಸಾಗಿಸ್ತಾವ್ಳೋ!”

ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಪಕ್ಕದ ಕೋಣೆಯ ಸಾಲಿಗೆ ಸೇರಿಕೊಂಡರು.

ಬಷೀರುನ್ನೀಸಾ ಕುದಿಯುವ ನೀರಿನಿಂದ ಮುಂದಿನ ಸೂಜಿ ತೆಗೆದಳು. ಬೂದನಕಟ್ಟೆ ಆಸ್ಪತ್ರೆಗೆ ನರ್ಸಾಗಿ ಬಂದು ಐದು ವಾರ. ಮೈಸೂರಿನಲ್ಲಿ ಮೂರು ವರ್ಷ ಕಲಿತು ೧೯೭೯ರ ತಂಡದಲ್ಲಿ ಹಗುರ ಕೈಗೆಂದೇ ಬಹುಮಾನ ಗಿಟ್ಟಿಸಿದ್ದಳು. ಇಲ್ಲಿ ಅದೇ ಅಪರಾಧವಾಗಿತ್ತು.

ಡಾಕ್ಟರ್ ಓಂಕಾರಮೂರ್ತಿ ಅವಳನ್ನು ಕರೆದು ಒಂದು ಅರ್ಜಿ ತೋರಿಸಿದರು. ಹೊಸ ನರ್ಸು ಮದ್ದು ಬಚ್ಚಿಟ್ಟು ನೀರು ಚುಚ್ಚುತ್ತಾಳೆ, ಎಂದಿತ್ತು. ಕೆಳಗೆ ಹನ್ನೊಂದು ಹೆಬ್ಬೆಟ್ಟು, ಷಣ್ಮುಖಪ್ಪನದೊಂದು ಸಹಿ.

“ನೀನು ಅಂಥವಳಲ್ಲ, ನಂಗೊತ್ತಮ್ಮ. ಆದ್ರೆ ಇನ್ನೂ ಪ್ರೊಬೇಷನ್ನು. ಇದು ಚಿಕ್ಕಮಗಳೂರಿನ ಜಿಲ್ಲಾ ಆಫೀಸಿಗೆ ಹೋದ್ರೆ ಕೆಲಸ ಉಳಿಯಲ್ಲ. ಶನಿವಾರದವರೆಗೆ ತಡೀತೀನಿ. ಅಷ್ಟರಲ್ಲಿ ಜನಾನ ಒಲಿಸ್ಕೊ.”

ಕಡೂರಿನ ಅವಳ ಗಲ್ಲಿಯಿಂದ ಹೆಣ್ಣುಮಗಳೊಬ್ಬಳು ಬಿಳಿ ಸೀರೆಯುಟ್ಟು ನೌಕರಿಗೆ ಹೊರಟದ್ದು ಅದೇ ಮೊದಲು. ಕೆಲಸ ಕಳೆದುಕೊಂಡು ಮರಳಿದರೆ ಅದೇ ಕೊನೆಯೂ ಆಗುತ್ತಿತ್ತು. ತಂಗಿ ಜೈನಾಬಿ ಹತ್ತನೇ ತರಗತಿಯಲ್ಲಿದ್ದಳು.

ಪಕ್ಕದ ಕೋಣೆ ಹಿರಿಯ ನರ್ಸು ಮಲ್ಲಿಕಾಂಬಳದು. ಇಪ್ಪತ್ತೆರಡು ವರ್ಷದ ಸರ್ವಿಸು. ಅಲ್ಲಿಂದ ಹೊರಬಂದವರು ಕುಂಟುತ್ತಿದ್ದರು, ಹಲ್ಲು ಕಚ್ಚುತ್ತಿದ್ದರು, ತಿರುಗಿ ನಿಂತು ಕೈಮುಗಿಯುತ್ತಿದ್ದರು.

“ನೋಯಿಸೋದೂ ಒಂದು ವಿದ್ಯೆ ಕಣೇ,” ಅಂದಳು ಮಲ್ಲಿಕಾಂಬ. “ನಿಂಗಿನ್ನೂ ಕೈ ಬಂದಿಲ್ಲ.”

ಎರಡು ದಿನ ಬಷೀರುನ್ನೀಸಾ ಬೇಕೆಂದೇ ಮೊಂಡು ಸೂಜಿ ಹಿಡಿದಳು. ಕೈ ಒಪ್ಪಲಿಲ್ಲ.

ಹೆಂಗಸರ ವಾರ್ಡಿನಲ್ಲಿ ನ್ಯುಮೋನಿಯಾ ಹಿಡಿದು ಮಲಗಿದ್ದ ತಿಮ್ಮಕ್ಕನಂತೂ ಮುಖ ತಿರುಗಿಸಿದಳು. “ಸೊಳ್ಳೆ ಕಚ್ಚಿದಂಗೈತೆ ನಿಂದು. ನಂಗೆ ಆ ದೊಡ್ಡ ನರ್ಸಮ್ಮನೇ ಬೇಕು.” ಡಾಕ್ಟರು ಒಪ್ಪಿದರು. ಇಳಿದಿದ್ದ ಜ್ವರ ಎರಡು ದಿನಕ್ಕೆ ಮತ್ತೆ ಏರಿತು. ಹೊಸಬಳು ಚುಚ್ಚಿದ ನೀರಿನ ಫಲವೆಂದು ವಾರ್ಡೆಲ್ಲ ತೀರ್ಮಾನಿಸಿತು.

ಶನಿವಾರ ಬೆಳಿಗ್ಗೆ ಮಲ್ಲಿಕಾಂಬ ನಾಮಕರಣಕ್ಕೆಂದು ಸಖರಾಯಪಟ್ಟಣಕ್ಕೆ ಹೊರಟಳು. ತನ್ನ ಸಾಲಿನವರಿಗೆಂದು ಏಳು ಸಿರಿಂಜು ತುಂಬಿ ಟ್ರೇನಲ್ಲಿಟ್ಟಿದ್ದಳು.

“ಪೆನಿಸಿಲಿನ್ ಪುಡಿ ನೀರಿಗೆ ಬೆರೆಸಿ ಇಟ್ಟಿದೀನಿ. ನೀನು ಚುಚ್ಚಿದ್ರೆ ಸಾಕು.”

ತಾನೇ ತುಂಬಿಕೊಳ್ಳದ ಮದ್ದನ್ನು ಚುಚ್ಚಬಾರದೆಂದು ಮೈಸೂರಿನಲ್ಲಿ ಕಲಿಸಿದ್ದರು. ಹಿರಿಯಳಿಗೆ ಹಾಗೆಂದು ಹೇಳುವುದನ್ನು ಕಲಿಸಿರಲಿಲ್ಲ.

“ಅಯ್ಯಪ್ಪಾ, ಸತ್ತೆ!” ಷಣ್ಮುಖಪ್ಪ ಮೇಜು ಹಿಡಿದುಕೊಂಡ. ಕಣ್ಣಲ್ಲಿ ನೀರು. ಸುಧಾರಿಸಿಕೊಂಡವನೇ ಕೈಮುಗಿದ. “ಈಗ ನೋಡು ತಾಯಿ, ಇದು ಇಂಜೆಕ್ಷನ್ನು!”

ಏಳು ಜನರೂ ಕೂಗಿದರು. ಏಳನೆಯವಳು ತಿಮ್ಮಕ್ಕ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ನೂರು ವರ್ಷ ಬಾಳವ್ವ,” ಎಂದು ಏದುಸಿರಿನಲ್ಲೇ ಹರಸಿದಳು.

ಮಧ್ಯಾಹ್ನ ಷಣ್ಮುಖಪ್ಪನೇ ಡಾಕ್ಟರ ಮುಂದೆ ನಿಂತು ಅರ್ಜಿ ಹರಿದುಹಾಕಿಸಿದ. ಡಾಕ್ಟರು ನಕ್ಕರು. “ಕೈ ಬಂತು ಬಿಡಮ್ಮ. ಇನ್ನು ಭಯ ಇಲ್ಲ.”

ಬಷೀರುನ್ನೀಸಾ ಐದು ವಾರದಲ್ಲಿ ಮೊದಲ ಬಾರಿಗೆ ಊಟವನ್ನು ರುಚಿಯಿಂದ ಉಂಡಳು. ಆಮೇಲೆ ಮಲ್ಲಿಕಾಂಬಳ ಕೋಣೆ ಗುಡಿಸುತ್ತಿದ್ದ ಆಯಾ ಅಂಬಮ್ಮನಿಗೆ ಕೈಜೋಡಿಸಲು ಹೋದಳು. ಕಸದ ಡಬ್ಬಿಯಲ್ಲಿ ಕತ್ತು ಮುರಿದ, ನೀರು ತುಂಬಿ ಬರುವ ಗಾಜಿನ ಆಂಪೂಲುಗಳಿದ್ದವು. ಮದ್ದಿನ ಪುಡಿಯ ಸೀಸೆ ಒಂದೂ ಇರಲಿಲ್ಲ.

“ಅಂಬಮ್ಮ, ಪುಡಿ ಸೀಸೆ ಎಲ್ಲಿ ಹಾಕ್ದೆ?”

“ಅವೆಲ್ಲ ನಿನ್ ಕಸದಾಗೆ ಇರೋವು ಕಣವ್ವ. ಆಯಮ್ಮನ ಕಸದಾಗೆ ಯಾವತ್ತೂ ನೀರಿನವೇ.”

ಮಾಂಸಖಂಡಕ್ಕೆ ಬರಿಯ ನೀರು ಇಳಿದರೆ ಮದ್ದಿಗಿಂತ ಹೆಚ್ಚು ಉರಿಯುತ್ತದೆ ಎಂಬ ಮೈಸೂರಿನ ಪಾಠ ಅವಳಿಗೆ ಆಗ ನೆನಪಾಯಿತು. ವಾರ್ಡಿನಿಂದ ತಿಮ್ಮಕ್ಕನ ಕೆಮ್ಮು ಕೇಳುತ್ತಿತ್ತು.

ಅರ್ಜಿಯಲ್ಲಿದ್ದ ಮಾತು ನಿಜವಾದದ್ದು, ಅದನ್ನು ಹರಿದುಹಾಕಿದ ದಿನ.