ನಿರ್ದೋಷಿಗಳು

ಪಲ್ಲವಿಯ ಬೆನ್ನಿನ ಮೇಲೆ ನೀಲಿ ಕಲೆಗಳನ್ನು ಕಂಡ ಶಾಲೆಯವರು ಮಕ್ಕಳ ರಕ್ಷಣಾಧಿಕಾರಿಗೆ ತಿಳಿಸಿದರು. ಅಧಿಕಾರಿ ಅವತ್ತೇ ಮಗುವನ್ನು ಮನೆಯವರಿಂದ ಬಿಡಿಸಿ ಸರ್ಕಾರಿ ಬಾಲಮಂದಿರಕ್ಕೆ ಸೇರಿಸಿದರು.

"ಹೊಡೆಯೋರು ಯಾರು? ನೀವೋ, ನಿಮ್ಮ ಗಂಡನೋ?" ಅಧಿಕಾರಿ ತಾಯಿ ಸುನಂದಾಳನ್ನು ಮತ್ತೆ ಮತ್ತೆ ಕೇಳಿದರು.

"ಯಾರೂ ಹೊಡದಿಲ್ರೀ."

"ಹಂಗಾದ್ರೆ ಕಲೆ ಹೆಂಗಾದ್ವು?"



ಕೊನೆಗೆ ಉತ್ತರ ಕೊಟ್ಟವರು ವೈದ್ಯರು. ಮಗುವಿನ ರಕ್ತದಲ್ಲೇ ದೋಷವಿದೆ, ಸ್ವಲ್ಪ ತಾಗಿದರೂ ಕಲೆ ಏಳುತ್ತದೆ, ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ, ತಕ್ಷಣ ಒತ್ತಿ ಹಿಡಿಯಬೇಕು ಎಂದರು. ಅಧಿಕಾರಿಯೇ ಪಲ್ಲವಿಯನ್ನು ಮನೆಗೆ ಕರೆತಂದು, "ನಿಮ್ಮ ತಪ್ಪೇನೂ ಇಲ್ಲ. ಎಲ್ಲಾ ಮರೆತುಬಿಡಿ" ಎಂದು ಹೇಳಿ ಹೋದರು.

ಆ ಸಂಜೆ ಅಂಗಳದಲ್ಲಿ ಓಡುತ್ತಿದ್ದ ಪಲ್ಲವಿ ಎಡವಿ ಕಲ್ಲಿನ ಮೇಲೆ ಬಿದ್ದಳು. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. "ಅವ್ವಾ" ಎಂದು ಎರಡೂ ಕೈ ಚಾಚಿದಳು.

ಎತ್ತಿಕೊಳ್ಳಲು ಓಡಿದ ಸುನಂದಾಳ ತೋಳನ್ನು ಗಂಡ ಮಹಾಂತೇಶ ಬಿಗಿಯಾಗಿ ಹಿಡಿದ.

"ಮುಟ್ಟಬ್ಯಾಡ," ಎಂದ. "ಮೊದಲ ಬಾಜೂ ಮನಿಯವ್ರನ್ನ ಕರಿ. ಅವ್ರು ಬಂದು ನೋಡ್ಲಿ."