ಪಿಎಫ್ ಜೊತೆ ಬರುವ ಚಾಳಿ

ಸತ್ತವರ ಪಿಎಫ್ ಹಣ ಯಾರ ಪಾಲಾಗುತ್ತಿತ್ತೋ, ಪ್ರಾಣ ಹೋದ ಗಳಿಗೆಯಲ್ಲೇ ಸತ್ತವರ ಚಾಳಿಯೂ ಅವರಿಗೇ ಅಂಟಿಕೊಳ್ಳುತ್ತಿತ್ತು. ಹೀಗಾಗಿ, ನಿದ್ದೆಯಲ್ಲೂ "ಒಳಗ ಸರೀರಿ!" ಎಂದು ಕೂಗುವ ಹುಬ್ಬಳ್ಳಿಯ ಬಸ್ ಕಂಡಕ್ಟರ್ ಫಕ್ಕೀರಪ್ಪನಿಗೆ ನಾಮಿನಿಯಾಗಲು ತಮ್ಮನೂ ಒಪ್ಪಲಿಲ್ಲ, ತಂಗಿಯೂ ಒಪ್ಪಲಿಲ್ಲ. ಕೊನೆಗೆ ಹೆಂಡತಿ ನೀಲವ್ವನೇ ಅವನನ್ನು ಪಿಎಫ್ ಕಚೇರಿಗೆ ಕರೆತಂದಳು.

"ನನ್ನ ಹೆಸರ ಬರಕೋರಿ."

"ಇವರು ಸತ್ತ ಮ್ಯಾಲ ನೀವ ಕೂಗಬೇಕಾಗ್ತದ ನೋಡ್ರಿ, ಯಮ್ಮಾ," ಎನ್ನುತ್ತಲೇ ಗುಮಾಸ್ತ ಅವಳ ಹೆಸರು ಬರೆದುಕೊಂಡ.

ಅಷ್ಟರಲ್ಲಿ ಬಾಗಿಲಲ್ಲಿ ನೂಕುನುಗ್ಗಲಾಯಿತು. ನೀಲವ್ವ ತಿರುಗಿ, "ಏ, ಒಳಗ ಸರೀರಿ! ಬಾಗಲದಾಗ ನಿಂದರಬ್ಯಾಡ್ರಿ!" ಎಂದು ಗದರಿದಳು.

ಗುಮಾಸ್ತ ಕುರ್ಚಿ ಬಿಟ್ಟು ಎದ್ದ. ಓಡಿಬಂದು, ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದ ಫಕ್ಕೀರಪ್ಪನ ಕೈ ಹಿಡಿದು ನಾಡಿ ನೋಡಿದ.

ಫಕ್ಕೀರಪ್ಪ ಕಣ್ಣು ತೆರೆಯದೆ ಕೈ ಕೊಸರಿಕೊಂಡ. "ಈಗ ಚಿಲ್ಲರ ಇಲ್ರಿ. ಇಳಿಯೂ ಮುಂದ ಇಸಕೊಳ್ರಿ."